ಮೂರು ಕಾಲಿನ ಮೊಲ ಮತ್ತು ಚಿಕ್ಕಮ್ಮನ ಮದುವೆ

ನಾನು ತುಮಕೂರಿನ ಒಂದು ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತೇನೆ. ಇದು ಗೊತ್ತಾದ ಕೂಡಲೇ ಜನ ನನ್ನ ಜೊತೆ ಮಾತು ಕಡಿಮೆ ಮಾಡುತ್ತಾರೆ. ಅವರ ತಪ್ಪೇನಿಲ್ಲ, ನನ್ನ ಚಾಳಿಯೇ ಹಾಗಿದೆ. ಶಿರಾ ಗೇಟ್ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತರೆ ಸಾಕು, ಫ್ಲೆಕ್ಸುಗಳನ್ನು ಓದುತ್ತಾ ಒಬ್ಬಳೇ ನಗುತ್ತಿರುತ್ತೇನೆ. ಊರಿಗೆ ಊರೇ ನಮ್ಮಲ್ಲಿ ಸೀರೆ ಕೊಳ್ಳುತ್ತಿದೆ, ನೀವು ಮಾತ್ರ ಯಾಕೆ ಹಿಂದೆ ಎಂದು ಒಂದು ಅಂಗಡಿ ಕೇಳುತ್ತದೆ. ಊರಿಗೆ ಊರೇ ನೆಗಡಿ ಹಿಡಿಸಿಕೊಂಡರೆ ನಾನೂ ಹಿಡಿಸಿಕೊಳ್ಳಬೇಕೇ? ಪಕ್ಕದಲ್ಲಿ ಸಿನಿಮಾ ನಟನೊಬ್ಬ ನೀರಿನ ಪೈಪು ಹಿಡಿದು ನಿಂತಿದ್ದಾನೆ. ಅವನು ಚೆನ್ನಾಗಿ ಕುಣಿಯುವುದಕ್ಕೂ ಪೈಪು ಸೋರದೇ ಇರುವುದಕ್ಕೂ ಏನು ಸಂಬಂಧವೋ ಆ ದೇವರೇ ಬಲ್ಲ. ಕಾದಂಬರಿ ಓದುವಾಗಲೂ ಇದೇ ಕಾಟ. ನಾಯಕಿಯ ಬಲಗಣ್ಣು ಅದುರಿದರೆ ಮುಂದಿನ ಪುಟದಲ್ಲಿ ಕೆಟ್ಟ ಸುದ್ದಿ ಬಂದೇ ಬರುತ್ತದೆ. ಕಣ್ಣು ಅದುರಿಸಿದವನೂ ಸುದ್ದಿ ತಂದವನೂ ಬರೆಯುವವನೇ ಅಲ್ಲವೇ ಎಂದು ನಾನು ಪುಸ್ತಕದ ಜೊತೆಗೇ ಜಗಳಕ್ಕೆ ನಿಲ್ಲುತ್ತೇನೆ.

ಕೇಳಲು ಸರಿಯೆನಿಸುವ, ಒಳಗೆ ಟೊಳ್ಳಾಗಿರುವ ಇಂಥ ವಾದಗಳಿಗೆ ಪುಸ್ತಕದಲ್ಲಿ ತರ್ಕದೋಷ ಎಂಬ ಗಂಭೀರ ಹೆಸರಿದೆ. ನಮ್ಮ ಹಿರಿಯರಿಗೆ ಆ ಹೆಸರು ಬೇಕಾಗಿರಲಿಲ್ಲ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋಯ್ತು ಅಂದುಬಿಟ್ಟರು, ನನ್ನ ಒಂದಿಡೀ ಪಾಠ ಅಲ್ಲಿಗೆ ಮುಗಿಯಿತು.

ನನ್ನ ಈ ವಿದ್ಯೆಗೆ ನಿಜವಾದ ಪರೀಕ್ಷೆ ಬಂದದ್ದು ಚಿಕ್ಕಮ್ಮನ ಮದುವೆಯ ಮಾತಿನಲ್ಲಿ. ಅವಳು ನನ್ನ ಅಮ್ಮನ ಕೊನೆಯ ತಂಗಿ, ಕುಣಿಗಲ್ಲಿನ ಹೈಸ್ಕೂಲಿನಲ್ಲಿ ಗಣಿತದ ಟೀಚರು. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಯಲ್ಲೇ ಇದ್ದುಕೊಂಡು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ವಯಸ್ಸು ನಲವತ್ತೈದು ದಾಟಿತ್ತು. ಬಂದ ಗಂಡುಗಳನ್ನೆಲ್ಲ ಬೇಡವೆಂದು ಕಳಿಸಿದವಳು ಒಂದು ಸಂಜೆ ಕಾಫಿ ಕುಡಿಯುತ್ತಾ, ಕುಣಿಗಲ್ ಬಸ್ ಸ್ಟ್ಯಾಂಡಿನ ಹತ್ತಿರ ಬೇಕರಿ ಇಟ್ಟುಕೊಂಡಿರುವವರನ್ನು ಮದುವೆಯಾಗುತ್ತೇನೆ ಎಂದಳು. ಅವರ ಹೆಂಡತಿ ತೀರಿಹೋಗಿ ವರ್ಷಗಳಾಗಿದ್ದವು. ಬಸ್ಸು ತಡವಾದಾಗಲೆಲ್ಲ ಇವಳು ಅಲ್ಲಿ ಖಾರಾ ಬನ್ ತಿನ್ನುತ್ತಿದ್ದಳು. ಆಮೇಲಾಮೇಲೆ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೂ ತಿನ್ನುತ್ತಿದ್ದಳಂತೆ. ನಾನು ಖುಷಿಗೆ ಅವಳನ್ನು ತಬ್ಬಿಕೊಂಡು ಕಾಫಿ ಚೆಲ್ಲಿದೆ.

ಅವಳದು ಒಂದೇ ಷರತ್ತು. ಅಣ್ಣ ಬಂದು ಧಾರೆ ಎರೆಯಬೇಕು, ಅವನು ಒಪ್ಪದಿದ್ದರೆ ಮದುವೆಯೇ ಬೇಡ. ಅಣ್ಣ ಎಂದರೆ ನನ್ನ ಸೋದರಮಾವ, ಗುಬ್ಬಿಯಲ್ಲಿ ತೆಂಗಿನ ತೋಟ ನೋಡಿಕೊಂಡಿರುವವರು. ತಮ್ಮ ಅಪ್ಪ ಅಮ್ಮ ಬೇಗ ತೀರಿಹೋದ ಮೇಲೆ ಚಿಕ್ಕಮ್ಮನನ್ನು ಎತ್ತಿ ಆಡಿಸಿ, ಓದಿಸಿ ಕೆಲಸಕ್ಕೆ ಸೇರಿಸಿದವರು. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಭಾನುವಾರ ಭಾನುವಾರ ಚಿಕ್ಕಮ್ಮ ಗುಬ್ಬಿಗೆ ಹೋಗುವಳು, ಹೋದ ಗಳಿಗೆಯಿಂದ ಇಬ್ಬರಿಗೂ ವಾದ. ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ, ತುಮಕೂರಿಗೆ ಯಾವ ಬಸ್ಸು ಬೇಗ ಹೋಗುತ್ತದೆ, ಯಾವುದಾದರೂ ಆದೀತು.

ಆ ಭಾನುವಾರ ನಾನೂ ಜೊತೆಗೆ ಹೋದೆ. ವಿಷಯ ಕೇಳಿದ ಮಾವ ಎಲೆಯಡಿಕೆ ಹಾಕಿಕೊಂಡು ಶುರು ಮಾಡಿದರು. ನಾಲ್ಕು ಜನ ಏನಂತಾರೆ ಎಂದರು. ನಾಲ್ಕು ಜನ ಅಂದರೆ ಯಾರು ಯಾರು ಎಂದು ನಾನು ಕೇಳಿದೆ. ಇಬ್ಬರ ಹೆಸರು ಹೇಳಿ ನಿಂತುಹೋದರು. ಗುಬ್ಬಿಯಲ್ಲೊಬ್ಬ ಬೇಕರಿಯವನು ಹಳಸಿದ ಬನ್ ಕೊಟ್ಟಿದ್ದ, ಆ ಜನವೇ ಅಷ್ಟು ಎಂದರು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದಗುಳು ಸಾಕು ಮಾವ, ಮನುಷ್ಯರನ್ನು ಹಾಗೆ ಹಿಚುಕಿ ನೋಡುವುದಕ್ಕಾಗುವುದಿಲ್ಲ ಎಂದೆ. ಇವತ್ತು ಇವಳು ಮದುವೆಯಾದರೆ ನಾಳೆ ಪಕ್ಕದ ಮನೆಯ ಅಜ್ಜಿಯೂ ಗಂಡು ಹುಡುಕುತ್ತಾಳೆ ಎಂದರು. ಹುಡುಕಿಕೊಳ್ಳಲಿ, ನಿಮಗೇನು ಕಷ್ಟ ಎಂದೆ. ಕೊನೆಗೆ ನನ್ನ ಮೇಲೇ ತಿರುಗಿದರು. ನಾನು ಮನೆಯವರಿಗೆ ಹೇಳದೆ ಪ್ರೀತಿಸಿ ಮದುವೆಯಾದವಳು, ನನ್ನ ಮಾತು ಯಾರು ಕೇಳಬೇಕು ಎಂದರು. ಮಾತು ಸರಿಯೋ ತಪ್ಪೋ ನೋಡಿ, ಆಡಿದವಳ ಮದುವೆ ಯಾಕೆ ನೋಡುತ್ತೀರಿ ಎಂದೆ.

ವಾದದ ಸಾಮಾನು ಮುಗಿದ ಮೇಲೆ ಮಾವ ಗಾದೆಗೆ ಕೈಹಾಕಿದರು. ತಾಳಿದವನು ಬಾಳಿಯಾನು, ಇಷ್ಟು ದಿನ ತಾಳಿದವಳು ಇನ್ನೂ ತಾಳಲಿ ಎಂದರು. ಗಾಳಿ ಬಂದಾಗ ತೂರಿಕೋ ಎನ್ನುವುದೂ ಗಾದೆಯೇ ಎಂದೆ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು ಎಂದು ಗದರಿದರು. ಹಾಗಾದರೆ ಎರಡರಲ್ಲಿ ಯಾವುದು ಸುಳ್ಳಲ್ಲ ಎಂದು ಕೇಳಿದ್ದಕ್ಕೆ ಎದ್ದು ಹೋಗಿ ಎಲೆಯಡಿಕೆ ಉಗಿದು ಬಂದರು. ಅತ್ತೆ ಬಾಗಿಲಲ್ಲಿ ನಿಂತು ಇಬ್ಬರಿಗೂ ಹೂಂ ಹೂಂ ಅನ್ನುತ್ತಿದ್ದರು. ಅವರು ಯಾರ ಮಾತನ್ನೂ ಯಾವತ್ತೂ ಅಲ್ಲಗಳೆದವರಲ್ಲ.

ಹೀಗೆ ಎಲ್ಲದರಲ್ಲೂ ನಾನೇ ಗೆದ್ದೆ, ಚಿಕ್ಕಮ್ಮನ ಮದುವೆ ಮಾತ್ರ ಇದ್ದಲ್ಲಿಂದ ಕದಲಲಿಲ್ಲ. ಹೊರಡುವಾಗ ಮಾವ ತಮ್ಮ ಕೊನೆಯ ಮಾತು ಹೇಳಿದರು.

“ಮೇಡಮ್ಮೋರ ಜೊತೆ ನಂಗೆ ಆಗಲ್ಲ. ಮುಂದಿನ್ ವಾರ ಅಮ್ಮನ ಹತ್ರ ಹೂ ಕೇಳಣ. ಅವ್ಳು ಹೂಂ ಅಂದ್ರೆ ನಂದೂ ಹೂಂ.”

ಅಮ್ಮ ಎಂದರೆ ಗುಬ್ಬಿಯ ಹತ್ತಿರ ಇರುವ ನಮ್ಮ ಮನೆದೇವತೆ. ನಮ್ಮ ಕಡೆ ಮದುವೆ, ಜಮೀನು, ಕೊಳವೆ ಬಾವಿ, ಏನೇ ಇದ್ದರೂ ಹೂ ಕೇಳುವುದುಂಟು. ಪೂಜಾರಪ್ಪ ಒದ್ದೆ ಹೂಗಳನ್ನು ದೇವಿಯ ಮೈಮೇಲೆ ಎರಡೂ ಕಡೆ ಅಂಟಿಸುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ.

ಭಾನುವಾರ ಗುಡಿಗೆ ಬೇಕರಿಯವರೂ ಬಂದರು. ತೆಳ್ಳಗಿನ ಆಳು, ಇಸ್ತ್ರಿ ಮಾಡಿದ ಬಿಳಿ ಶರಟು, ಕೈಯಲ್ಲೊಂದು ಬೆಣ್ಣೆ ಬಿಸ್ಕತ್ತಿನ ಡಬ್ಬಿ. ನೈವೇದ್ಯಕ್ಕೆಂದು ಅದನ್ನೇ ಮುಂದೆ ಮಾಡಿ, ಇದಕ್ಕೆ ಮೊಟ್ಟೆ ಹಾಕಿಲ್ಲ ಎಂದು ಪೂಜಾರಪ್ಪನಿಗೆ ಆಣೆ ಮಾಡಿ ಹೇಳುತ್ತಿದ್ದರು. ಪೂಜಾರಪ್ಪ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಯಾವುದಕ್ಕೂ ಹೊರಗೇ ಇರಲಿ ಎಂದರು.

ಹೂ ಅಂಟಿಸಿದರು. ನಾವೆಲ್ಲ ಕೈಮುಗಿದು ಕಾದೆವು. ಬಲಗಡೆಯ ಸೇವಂತಿಗೆ ಜಾರಿ ಬಿತ್ತು. ನಾನು ಬಲಗಡೆ ಬಲಗಡೆ ಎಂದು ಚಪ್ಪಾಳೆ ತಟ್ಟಿಬಿಟ್ಟೆ. ಒದ್ದೆ ಹೂವಿಗೂ ಮದುವೆಗೂ ಏನು ಸಂಬಂಧ ಎಂದು ಕ್ಲಾಸಿನಲ್ಲಿ ಕೇಳುವವಳು ನಾನೇ. ನಮಗೆ ಬೇಕಾದ ಕಡೆ ಬಿದ್ದರೆ ಎಂಥ ಶಾಸ್ತ್ರವೂ ಸಿಹಿಯಾಗಿಯೇ ಇರುತ್ತದೆ.

ಮಾವ ಫ್ಯಾನಿನ ಗಾಳಿಗೆ ಬಿತ್ತು ಎಂದು ಫ್ಯಾನ್ ಆರಿಸಿದರು. ಮತ್ತೆ ಅಂಟಿಸಿದರೂ ಬಲಗಡೆಯದೇ ಬಿತ್ತು. ಆ ಕಡೆಯ ಹೂವಿಗೆ ನೀರು ಜಾಸ್ತಿಯಾಗಿತ್ತು, ಇನ್ನೊಂದು ಸಲ ನೋಡೋಣ ಎಂದರು. ಎಡಗಡೆ ಬಿದ್ದರೆ ದೇವಿಯ ಮಾತು, ಬಲಗಡೆ ಬಿದ್ದರೆ ಗಾಳಿ ನೀರಿನ ತಪ್ಪು. ಇದಕ್ಕೇನು ಹೆಸರು ಎಂದು ಹೇಳಲು ನಾನು ಬಾಯಿ ತೆರೆದೆ. ಚಿಕ್ಕಮ್ಮ ನನ್ನ ಕೈ ಒತ್ತಿ ಹಿಡಿದು ತಾನು ಮುಂದೆ ಬಂದಳು.

“ನಾನು ಹೂ ಕೇಳೋಕೆ ಬಂದಿಲ್ಲ ಅಣ್ಣ. ನಿನ್ನ ಕೇಳೋಕೆ ಬಂದಿದೀನಿ. ನಿಂಗ್ಯಾಕೆ ಬೇಡ?”

ಮಾವ ಹೊರಗೆ ಹೋಗಿ, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಗುಡಿಯ ಜಗಲಿಯ ಮೇಲೆ ಕೂತರು. ನಾವೂ ಹಿಂದೆಯೇ ಹೋದೆವು. ಹೆಗಲ ಮೇಲಿನ ಟವೆಲ್ಲನ್ನು ತೆಗೆದು ತೊಡೆಯ ಮೇಲಿಟ್ಟು ಮಡಿಸುತ್ತಾ ಬಿಚ್ಚುತ್ತಾ ಇದ್ದರು.

“ನೀನು ಕುಣಿಗಲ್ ಸೇರ್ಕಂಬುಟ್ರೆ ಭಾನ್ವಾರ ನನ್ ಜೊತೆ ಜಗಳ ಆಡೋಕೆ ಯಾರವ್ರೆ? ನಿಮ್ಮತ್ತಿಗೆ ಎಲ್ಲದ್ಕೂ ಹೂಂ ಅಂತಾಳೆ.”

ನನಗೆ ಅಳು ಬಂತು, ನಗುವೂ ಬಂತು. ಹೋದ ವಾರ ಅವರ ಒಂದೊಂದು ಮಾತಿಗೂ ಉತ್ತರ ಕೊಟ್ಟಿದ್ದೆ. ಈ ಮಾತಿನಲ್ಲಿ ಹುಡುಕಲು ತಪ್ಪೇ ಇರಲಿಲ್ಲ. ಚಿಕ್ಕಮ್ಮ ಅಣ್ಣನ ಪಕ್ಕದಲ್ಲಿ ಕೂತಳು.

“ಇನ್ಮೇಲೆ ಜಗಳಕ್ಕೆ ಇಬ್ರು ಬರ್ತೀವಿ ಬುಡಣ್ಣ.”

ಮಾವ ಮೂಗು ಒರೆಸಿಕೊಂಡು ಬೇಕರಿಯವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಎಲೆಯಡಿಕೆ ಉಗಿದು, ಡಬ್ಬಿ ತೆಗೆಯಲು ಹೇಳಿ ಒಂದು ಬಿಸ್ಕತ್ತು ಬಾಯಿಗೆ ಹಾಕಿಕೊಂಡು, ಸಕ್ಕರೆ ಜಾಸ್ತಿಯಾಗಿದೆ ಎಂದರು. ಬೇಕರಿಯವರು ಚಿಕ್ಕಮ್ಮನ ಮುಖ ನೋಡಿದರು. ಈ ಮನುಷ್ಯ ಹೌದು ಎಂದು ತಲೆಯಾಡಿಸಿಬಿಟ್ಟರೆ ಕೆಲಸ ಕೆಟ್ಟಿತು ಎಂದುಕೊಂಡೆ.

“ಇಲ್ಲ, ಸರಿಯಾಗೇ ಐತೆ,” ಎಂದರು ಅವರು. “ನೀವು ಈಗ್ತಾನೆ ಎಲೆಯಡಿಕೆ ಹಾಕಿದ್ರಿ, ಅದಕ್ಕೆ ಹಂಗನ್ಸುತ್ತೆ.”

ಮಾವನ ಮುಖ ಅರಳಿತು. ಎಲೆಯಡಿಕೆಗೂ ಸಕ್ಕರೆಗೂ ಏನಯ್ಯ ಸಂಬಂಧ ಎನ್ನುತ್ತಾ ಅವರನ್ನು ಕೈಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು, ಮುಹೂರ್ತ ನೋಡುವವರಿಗೆ ಫೋನ್ ಮಾಡು ಎಂದು ನನಗೆ ಸನ್ನೆ ಮಾಡಿದರು.