ನಲವತ್ತೊಂಬತ್ತು ಲಕೋಟೆಗಳು

ಅಬಿಡ್ಸ್ ಪೋಸ್ಟಾಫೀಸಿನ ಎದುರಿನ ಝೆರಾಕ್ಸ್ ಅಂಗಡಿಯವನು ಲಕೋಟೆಯ ಕಟ್ಟು ಬಿಚ್ಚಿ, ಒಂದೊಂದರೊಳಗೂ ಇಣುಕಿ ನೋಡಿದ.

"ಸಬ್ ಖಾಲಿ ಹೈ, ಮೇಡಂ."

"ಮೇಲಿಂದು ಸಾಕು," ಎಂದಳು ಪ್ರಫುಲ್ಲಾ ಹಿಂದಿಯಲ್ಲಿ. "ಮೂಲೆಯ ಸಹಿ ಸ್ಪಷ್ಟ ಬರಬೇಕು."

ಅದು ೧೯೯೮ರ ಜುಲೈ. ಸುಲ್ತಾನ್ ಬಜಾರಿನ ಓಣಿಯೊಂದರ ಖಾಸಗಿ ಶಾಲೆಯಲ್ಲಿ ಆಕೆ ನಾಲ್ಕು ವರ್ಷದಿಂದ ಹಿಂದಿ ಟೀಚರು. ತಿಂಗಳ ಮೊದಲ ದಿನ ರಜಿಸ್ಟರಿನಲ್ಲಿ ಐದೂವರೆ ಸಾವಿರಕ್ಕೆ ಸಹಿ ಹಾಕಿದರೆ ಕೈಗೆ ಬರುತ್ತಿದ್ದುದು ಮೂರು ಸಾವಿರದ ಇನ್ನೂರು. ಶಾಲೆ ನಡೆಸುವ ಕರೆಸ್ಪಾಂಡೆಂಟ್ ವಾಸುದೇವರಾಯರಿಗೆ ತಮ್ಮ ಗುಮಾಸ್ತ ಹನುಮಂತನ ಮೇಲೂ ನಂಬಿಕೆಯಿಲ್ಲ. ನಡುವೆ ಅವನು ಕೈ ಹಾಕದಿರಲೆಂದು ಪ್ರತಿ ಲಕೋಟೆಯ ಮೇಲೆ ಹೆಸರು, ತಿಂಗಳು, ಒಳಗಿಟ್ಟ ಮೊತ್ತವನ್ನು ತಾವೇ ಬರೆದು, ಸಹಿ ಹಾಕಿ, ಅಂಟಿಸುತ್ತಿದ್ದರು. ಬೇರೆ ಟೀಚರುಗಳು ಲಕೋಟೆ ಹರಿದು ಬಿಸಾಕುತ್ತಿದ್ದರು. ಪ್ರಫುಲ್ಲಾ ಮೊದಮೊದಲು ರದ್ದಿ ಕಾಗದದಂತೆ ಸುಮ್ಮನೆ ಕೂಡಿಟ್ಟಳು. ತಾಯಿ ತೀರಿಕೊಂಡಾಗ ಎಂಟು ದಿನದ ಸಂಬಳ ಮುರಿದ ಮೇಲೆ, ಬೇಕೆಂದೇ ಕೂಡಿಟ್ಟಳು. ಅಂದು ಆಕೆ ಕೇಳಿದ್ದಕ್ಕೆ ರಾಯರು ಕೂತಲ್ಲಿಂದಲೇ, "ಬ್ಯಾಡಾದ್ರ ಬಿಡ್ರಿ, ಹೊರಗ ಎಂಟು ಮಂದಿ ನಿಂತಾರ" ಎಂದಿದ್ದರು.

ಏಪ್ರಿಲಿನಿಂದ ಆಕೆಗೆ ನಾಂಪಲ್ಲಿಯ ಒಂದು ಸಂಸ್ಥೆಯಲ್ಲಿ ಸಂಜೆ ಪಾಠದ ಎರಡನೇ ಕೆಲಸ ಸಿಕ್ಕಿತ್ತು, ತಿಂಗಳಿಗೆ ಮೂರು ಸಾವಿರ. ಅಲ್ಲಿನ ಲೆಕ್ಕಾಧಿಕಾರಿ ತಿಪ್ಪೇಸ್ವಾಮಿ ಹನ್ನೆರಡು-ಬಿ ಎಂಬ ಫಾರಂ ಕೊಟ್ಟರು. ಇನ್ನೊಂದು ಕಡೆಯ ಸಂಬಳವನ್ನು ಅದರಲ್ಲಿ ಬರೆದುಕೊಟ್ಟರೆ ಎರಡನ್ನೂ ಕೂಡಿಸಿ ತೆರಿಗೆ ಹಿಡಿಯುತ್ತಾರೆ. ರಜಿಸ್ಟರಿನ ಅಂಕಿ ಬರೆದರೆ ಆಕೆ ಕಾಣದ ದುಡ್ಡಿಗೆ ವರ್ಷಕ್ಕೆ ಐದು ಸಾವಿರಕ್ಕೂ ಮೇಲೆ ತೆರಿಗೆ. ಕೈಗೆ ಬಂದದ್ದನ್ನು ಬರೆದರೆ ಒಂದು ಪೈಸೆಯೂ ಇಲ್ಲ.

ಶನಿವಾರ ಫಾರಂ ಹಿಡಿದು ರಾಯರ ಕೋಣೆಗೆ ಹೋದಳು.

"ರಜಿಸ್ಟರ್‌ದಾಗ ಇದ್ದಂಗ ಬರೀರಿ," ಎಂದು ರಾಯರು ನಕ್ಕರು. "ಎರಡು ಕಡೆ ದುಡಿಯಾಕತ್ತೀರಿ. ಸರ್ಕಾರಕ್ಕೂ ಸ್ವಲ್ಪ ತಿನಸ್ರಿ."

"ಆತ್ರೀ," ಎಂದು ಬಂದಳು.

ಫಾರಂಗೆ ಈ ವರ್ಷದ ಮೂರು ಲಕೋಟೆ ಸಾಕಿತ್ತು. ಸೋಮವಾರ ಆಕೆ ನಲವತ್ತೊಂಬತ್ತನ್ನೂ ಝೆರಾಕ್ಸ್ ಮಾಡಿಸಿದಳು. ಫಾರಂನಲ್ಲಿ ಕೈಗೆ ಬಂದದ್ದನ್ನೇ ಬರೆದು, ರಜಿಸ್ಟರಿನ ಅಂಕಿ ಬೇರೆಯೇ ಇದೆ ಎಂಬ ಪತ್ರವನ್ನೂ ಜೊತೆಗಿಟ್ಟಳು.

ತಿಪ್ಪೇಸ್ವಾಮಿ ಹಾಳೆಗಳನ್ನು ನಿಧಾನ ತಿರುವಿ ಕನ್ನಡಕ ತೆಗೆದರು. "ನೋಡಮ್ಮ, ರಜಿಸ್ಟರಿನಲ್ಲಿ ಒಂದು, ಕೈಗೆ ಇನ್ನೊಂದು ಅಂತ ನೀನೇ ಬರೆದುಕೊಟ್ಟಿದ್ದೀಯ. ಇದನ್ನು ನಾನು ತೆರಿಗೆ ಕಚೇರಿಗೆ ತಿಳಿಸಬೇಕಾಗುತ್ತೆ. ಅಲ್ಲಿ ನಿನ್ನ ಕೆಲಸ ಉಳಿಯಲ್ಲ."

"ಗೊತ್ತೈತ್ರಿ. ಅದಕ್ಕ ಎಲ್ಲಾ ತಂದೀನಿ."

ತಿಪ್ಪೇಸ್ವಾಮಿಯವರ ರಿಜಿಸ್ಟರ್ಡ್ ಪೋಸ್ಟ್ ತೆರಿಗೆ ಕಚೇರಿಗೆ ಹೋದ ಮರುದಿನ, ಆಕೆ ಅಲ್ಲಿಗೆ ಹೋದದ್ದು ಇದೇ ಎಂದು ಹೇಳಿ ಝೆರಾಕ್ಸಿನ ಇನ್ನೊಂದು ಪ್ರತಿಯನ್ನು ರಾಯರ ಮೇಜಿನ ಮೇಲಿಟ್ಟಳು. ಅಂಚೆಯವನು ಕೊಟ್ಟಿದ್ದರೂ ನಡೆಯುತ್ತಿತ್ತು. ಆದರೆ ಆ ಮುಖ ನೋಡುವುದನ್ನು ಬೇರೆಯವರಿಗೆ ಬಿಟ್ಟುಕೊಡಲು ಆಕೆ ತಯಾರಿರಲಿಲ್ಲ.

ರಾಯರು ಮೊದಲ ಹಾಳೆಯಲ್ಲಿ ತಮ್ಮ ಸಹಿ ಕಂಡರು. ಎರಡನೆಯದರಲ್ಲೂ ಕಂಡರು. ಹತ್ತನೆಯದಕ್ಕೆ ಬೆರಳು ನಿಂತಿತು.

"ಕೂಡ್ರಿ, ಪ್ರಫುಲ್ಲಾಬಾಯಿ."

"ಬ್ಯಾಡ್ರಿ. ನಾಕು ವರ್ಷ ಈ ಕೋಣ್ಯಾಗ ನಿಂತು ರೂಢಿ ಆಗೈತಿ."

"ಮುಂದಿನ ತಿಂಗಳಿಂದ ಪೂರಾ ಸಂಬಳ ಕೊಡ್ತೀನಿ. ಮುರಿದ ಎಂಟು ದಿನದ್ದೂ ಕೊಡ್ತೀನಿ. ಆ ಕಾಗದ ವಾಪಸ್ ತಗೋರಿ."

ನಾಲ್ಕು ವರ್ಷದಲ್ಲಿ ಅವರ ಬಾಯಿಂದ ಇಷ್ಟು ಮೆತ್ತಗಿನ ಮಾತು ಬಂದದ್ದು ಇದೇ ಮೊದಲು. ಆಕೆ ಅದನ್ನು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ರಾಜೀನಾಮೆಯನ್ನು ಝೆರಾಕ್ಸ್ ಹಾಳೆಗಳ ಮೇಲಿಟ್ಟಳು.

"ಹೊರಗ ಎಂಟು ಮಂದಿ ನಿಂತಾರಲ್ರಿ, ಅವರಿಗೆ ಕೊಡ್ರಿ."

ಆಗಸ್ಟ್ ಹತ್ತರ ಸೋಮವಾರ ಶಾಲೆಗೆ ನೋಟಿಸ್ ಬಂತು. ನಾಲ್ಕು ವರ್ಷದ ಸಂಬಳದ ರಜಿಸ್ಟರುಗಳೊಂದಿಗೆ ಕರೆಸ್ಪಾಂಡೆಂಟರು ಖುದ್ದಾಗಿ ಹಾಜರಾಗಬೇಕೆಂದು ಅದರಲ್ಲಿತ್ತು.