ಟೀಚರಮ್ಮನ ತಾರಸಿ

ಕಳೆದ ವಾರ ಗರುಡಾಚಾರ್‌ಪಾಳ್ಯದ ಒಂದು ಮನೆಗೆ ಹೋಗಿದ್ದೆ. ತಿಂಗಳುಗಟ್ಟಲೆ ಬೀಗ ಹಾಕಿಟ್ಟಿದ್ದ ಮಹಡಿಯ ಕೋಣೆಯನ್ನು ಮನೆಯಾಕೆ ತೆಗೆದು ತೋರಿಸಿದರು. ನೆನೆದ ಗೋಡೆಯ ವಾಸನೆ, ಅದರ ಜೊತೆಗೆ ಕೆಳಗಿನ ಅಡುಗೆಮನೆಯಿಂದ ಏರಿ ಬರುತ್ತಿದ್ದ ಡಿಕಾಕ್ಷನ್ ಘಮ... ಎರಡೂ ಒಟ್ಟಿಗೆ ಮೂಗಿಗೆ ಬಡಿದಾಗ ಛಾವಣಿ ನೋಡುವುದನ್ನು ಬಿಟ್ಟು ಸುಮ್ಮನೆ ನಿಂತುಬಿಟ್ಟೆ. "ಏನಾಯ್ತು ರೀ, ತುಂಬಾ ಹಾಳಾಗಿದ್ಯಾ?" ಎಂದು ಆಕೆ ಗಾಬರಿಯಾದರು. ಇಲ್ಲ ಎಂದೆ. ನನಗೆ ಟೀಚರಮ್ಮ ನೆನಪಾಗಿದ್ದರು.

ನನ್ನದು ತಾರಸಿಗಳಿಗೆ ವಾಟರ್‌ಪ್ರೂಫಿಂಗ್ ಮಾಡಿಸುವ, ಮನೆಯ ಹೊರಗೋಡೆಗೆ ಬಣ್ಣ ಹೊಡೆಸುವ ಕಂಟ್ರಾಕ್ಟ್ ಕೆಲಸ. ಸಂಕ್ರಾಂತಿ ಕಳೆದರೆ ಮೇ ತಿಂಗಳವರೆಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಮಳೆ ಹಿಡಿಯಿತೋ, ದೀಪಾವಳಿಯ ತನಕ ನೊಣ ಹೊಡೆಯುತ್ತ ಕೂರಬೇಕು. ಈ ಕಸುಬಿನ ಹಣೆಬರಹವೇ ಅಂಥದ್ದು. ಜನರಿಗೆ ತಾರಸಿ ನೆನಪಾಗುವುದು ಅದು ಸೋರುವಾಗ. ಸೋರುವಾಗ ನಾವು ಕೆಲಸ ಮಾಡುವಂತಿಲ್ಲ. ಬಿಸಿಲು ಬಂದು ನಾವು ತಯಾರಾಗಿ ನಿಂತರೆ, ಸೋರಿದ್ದೇ ಅವರಿಗೆ ಮರೆತಿರುತ್ತದೆ.

ಶುರುವಿನ ವರ್ಷಗಳಲ್ಲಿ ನಾನು ಬುದ್ಧಿವಂತನೆಂದುಕೊಂಡು ಮಳೆಗಾಲದಲ್ಲಿ ಪಾಂಪ್ಲೆಟ್ ಹಂಚಿದೆ. ಬಣ್ಣಬಣ್ಣದ್ದು, ನನ್ನ ಫೋಟೋ ಬೇರೆ. ಗೇಟಿಗೆ ಸಿಕ್ಕಿಸಿದ್ದೆಲ್ಲ ಸಂಜೆಯ ಹೊತ್ತಿಗೆ ನೆನೆದು ಮುದ್ದೆಯಾಗುತ್ತಿತ್ತು. ಪೇಪರ್ ಜೊತೆ ಮನೆ ಸೇರಿದ್ದು ರದ್ದಿಗೆ ಹೋಯಿತು. ಒಮ್ಮೆ ಹಲಸೂರು ಕೆರೆಯ ಹತ್ತಿರ ಕಡಲೆಕಾಯಿ ಕೊಂಡರೆ, ಪೊಟ್ಟಣದ ಮೇಲೆ ನನ್ನದೇ ಮುಖ ನಗುತ್ತಿತ್ತು. ಆ ಸಂಕಟದಲ್ಲೂ ನಗು ಬಂತು.

ಟೀಚರಮ್ಮ ಇದ್ದದ್ದು ಇಂದಿರಾನಗರದ ಅಂಚಿನ ಒಂದು ಹಳೆಯ ಕಾಲೊನಿಯಲ್ಲಿ. ವಿಮಾ ಕಚೇರಿಯಲ್ಲಿ ದುಡಿದವರು ಸಾಲಾಗಿ ಸೈಟು ಕೊಂಡು ಕಟ್ಟಿಕೊಂಡ ಮನೆಗಳು. ಅವರ ಯಜಮಾನರೂ ಅದೇ ಕಚೇರಿಯಿಂದ ನಿವೃತ್ತರಾದವರು. ಟೀಚರಮ್ಮ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಕಾಲೊನಿಯ ಅರ್ಧ ಮಕ್ಕಳು ಅವರ ಕೈಲಿ ಕಿವಿ ಹಿಂಡಿಸಿಕೊಂಡಿದ್ದರು. ಅವರ ಮಾತೆಂದರೆ ಅಲ್ಲಿ ಮಾತು. ಒಂದು ಬೇಸಿಗೆಯಲ್ಲಿ ಅವರ ತಾರಸಿ ಮಾಡಿದ್ದು ನಾನು. ಅವರು ಕೆಲಸ ಮುಗಿಯುವವರೆಗೆ ಛತ್ರಿ ಹಿಡಿದು ಬಿಸಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ಆ ವರ್ಷದ ಮಳೆಗಾಲದಲ್ಲಿ ನಾನು ಮತ್ತೆ ಪಾಂಪ್ಲೆಟ್ ಹಿಡಿದು ಹೋದಾಗ ಬೈದರು. "ಬಿಸಿಲಲ್ಲಿ ಬಂದ್ರೆ ನಿನ್ನ ಕಂಟ್ರಾಕ್ಟರ್ ಅಂತಾರೆ ಕಣೋ. ಮಳೇಲಿ ಬಂದ್ರೆ ನಮ್ಮೋನು ಅಂತಾರೆ. ಮೊದ್ಲು ಆ ಕಾಗ್ದ ಬಿಸಾಕು."

ಮರುದಿನದಿಂದ ಅವರೇ ನನ್ನನ್ನು ಮನೆಮನೆಗೆ ಕರೆದುಕೊಂಡು ಹೋದರು. ಜೋರು ಮಳೆ ನಿಂತ ತಕ್ಷಣ ಹೊರಡುವುದು. ತಾರಸಿ ಹತ್ತಿ, ನೀರು ಇಳಿಯುವ ಪೈಪಿನ ಬಾಯಿಗೆ ಕಟ್ಟಿಕೊಂಡ ಹೊಂಗೆ ಎಲೆ, ಕಸ, ಪಾರಿವಾಳದ ಪುಕ್ಕ ಎಲ್ಲ ತೆಗೆದು ನೀರು ಬಿಡುವುದು. ಎಲ್ಲಿ ಬಿರುಕಿದೆ ಎಂದು ಮನೆಯವರಿಗೆ ತೋರಿಸಿ ಇಳಿದು ಬರುವುದು. ಕೆಲಸ ಕೇಳುವ ಹಾಗಿಲ್ಲ, ಕಾಸು ಮುಟ್ಟುವ ಹಾಗಿಲ್ಲ. ಗೇಟಿನಲ್ಲಿ ಟೀಚರಮ್ಮ ಒಂದೇ ಮಾತು ಹೇಳುತ್ತಿದ್ದರು: "ನಮ್ಮ ಹುಡ್ಗ."

ಯಾರಾದರೂ ಅನುಮಾನಪಟ್ಟರೆ ಅವರನ್ನು ತಮ್ಮ ತಾರಸಿಗೇ ಹತ್ತಿಸುತ್ತಿದ್ದರು. ಪೈಪಿನ ಬಾಯಿಗೆ ಗೋಣಿಚೀಲ ತುರುಕಿಸಿ, ಮಳೆನೀರನ್ನು ಎರಡು ದಿನ ಮೇಲೆ ನಿಲ್ಲಿಸಿ, ಆಮೇಲೆ ಬಂದವರನ್ನು ಕೆಳಗಿನ ಮಲಗುವ ಕೋಣೆಗೆ ಕರೆದು ಛಾವಣಿ ತೋರಿಸುವರು. ಒಂದು ಹನಿಯಿಲ್ಲ. ಆಮೇಲೆ ಎಲ್ಲರಿಗೂ ಕಾಫಿ. ಆ ತಾರಸಿಯೇ ನನ್ನ ಶೋರೂಮ್ ಆಗಿತ್ತು. ದೀಪಾವಳಿ ಕಳೆದ ಮೇಲೆ ಫೋನುಗಳು ತಾವಾಗಿಯೇ ಬರತೊಡಗಿದವು. ನನ್ನ ಹೆತ್ತಮ್ಮನೂ ನನ್ನನ್ನು ಅಷ್ಟು ಹೆಮ್ಮೆಯಿಂದ ಯಾರಿಗೂ ತೋರಿಸಿದ್ದಿಲ್ಲ.

ಎರಡು ವರ್ಷ ಹೀಗೆ ನಡೆಯಿತು. ಮೂರನೆಯ ಮಳೆಗಾಲದಲ್ಲಿ ಕಾಲೊನಿಯ ಸಂಘದವರು ಎಲ್ಲ ಮನೆಗಳ ತಾರಸಿಯನ್ನೂ ಒಬ್ಬನಿಗೇ ಒಪ್ಪಿಸೋಣ ಎಂದು ಯೋಚಿಸಿದರು. ಭಾನುವಾರದ ಮೀಟಿಂಗಿನಲ್ಲಿ ತೀರ್ಮಾನ. ಅದು ಸಿಕ್ಕಿದ್ದರೆ ಇಡೀ ಬೇಸಿಗೆಗೆ ಕೆಲಸ. ಪ್ರತಿ ಮಳೆಗಾಲದಲ್ಲೂ ಚದುರಿ ಹೋಗುತ್ತಿದ್ದ ನನ್ನ ಹುಡುಗರನ್ನು ಹಿಡಿದಿಟ್ಟುಕೊಳ್ಳಬಹುದಿತ್ತು. ಅವರಲ್ಲಿ ಹಿರಿಯನಾದ ಮೇಸ್ತ್ರಿಯಂತೂ, "ಗುರು, ಇದೊಂದು ಆಗ್ಲಿ, ಬೇರೆ ಕಡೆ ಕಾಲಿಡಲ್ಲ" ಎಂದಿದ್ದ.

ಆ ವಾರವೇ ಟೀಚರಮ್ಮನ ಛಾವಣಿ ಸೋರಿತು. ಅದೇ ಮಲಗುವ ಕೋಣೆ, ಎಲ್ಲರೂ ಬಂದು ನೋಡಿ ಹೋಗುತ್ತಿದ್ದ ಜಾಗ.

ಓಡಿ ಹೋಗಿ ತಾರಸಿ ಹತ್ತಿದೆ. ಅಲ್ಲಿ ಹೊಸದಾಗಿ ಬಿಸಿನೀರಿನ ಸೋಲಾರ್ ನಿಂತಿತ್ತು. ಟೀಚರಮ್ಮನ ತಮ್ಮ ಆ ಬೇಸಿಗೆಯಲ್ಲಿ ಸೋಲಾರ್ ಏಜೆನ್ಸಿ ಹಿಡಿದಿದ್ದರು. ಮೊದಲ ಗಿರಾಕಿ ಅಕ್ಕನೇ. ಸ್ಟ್ಯಾಂಡಿನ ಕಾಲುಗಳನ್ನು ಕೂರಿಸಲು ನಾನು ಬಳಿದಿದ್ದ ಪದರವನ್ನು ಡ್ರಿಲ್ಲಿನಿಂದ ತೂತು ಮಾಡಿ ಬೋಲ್ಟ್ ಹೊಡೆದಿದ್ದರು. ಇಟ್ಟಿಗೆಯ ಕಟ್ಟೆ ಕಟ್ಟಿ ಅದರ ಮೇಲೆ ನಿಲ್ಲಿಸಬೇಕಾದ ಸ್ಟ್ಯಾಂಡು ಅದು. ನೀರು ಬೋಲ್ಟಿನ ಬುಡದಲ್ಲೇ ಗುಳುಗುಳು ಇಳಿಯುತ್ತಿತ್ತು. ಟೀಚರಮ್ಮನನ್ನು ಮೇಲೆ ಕರೆದು ತೋರಿಸಿದೆ. ಅವರು ಬಗ್ಗಿ ನೋಡಿದರು, ಬೆರಳಿಟ್ಟು ನೋಡಿದರು.

"ಗೊತ್ತಾಯ್ತು ಬಿಡು. ನಿಂದೇನೂ ತಪ್ಪಿಲ್ಲ," ಎಂದರು. "ಮೀಟಿಂಗಲ್ಲಿ ನಾನೇ ಹೇಳ್ತೀನಿ. ನೀನು ಬಾಯಿ ಬಿಡ್ಬೇಡ, ನನ್ನ ತಮ್ಮ ಕಣೋ ಅವ್ನು."

ಅವರೇ ಹೇಳುತ್ತೇನೆಂದ ಮೇಲೆ ನನಗೆ ಇನ್ನೇನು ಬೇಕಿತ್ತು? ನಿಶ್ಚಿಂತೆಯಿಂದ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಮಲಗಿದೆ.

ಭಾನುವಾರ ಸಂಘದ ಹಾಲಿನಲ್ಲಿ ಹಿಂದಿನ ಸಾಲಿನಲ್ಲಿ ಕೂತೆ. ಮುಂದಿನ ಸಾಲಿನಲ್ಲಿ ಟೀಚರಮ್ಮ, ಪಕ್ಕದಲ್ಲಿ ಅವರ ತಮ್ಮ, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಅವರು ಯಾಕೆ ಬಂದಿದ್ದಾರೆಂದು ನನಗೆ ಹೊಳೆಯಲಿಲ್ಲ. ಅಧ್ಯಕ್ಷರು ಮೊದಲು ಅವರನ್ನೇ ಎಬ್ಬಿಸಿದರು. ಕಾಲೊನಿಯ ಎಲ್ಲ ಮನೆಗೂ ಸೋಲಾರ್ ಹಾಕಿಸುವ ವಿಷಯ. ತಮ್ಮ ಚೆನ್ನಾಗಿಯೇ ಮಾತಾಡಿದರು, ಜನ ತಲೆದೂಗಿದರು. ಆಮೇಲೆ ತಾರಸಿಯ ಮಾತು ಬಂತು. ಯಾರೋ ಕೇಳಿದರು, "ಟೀಚರ್, ನಿಮ್ಮನೇಲೇ ಸೋರ್ತಿದೆಯಂತಲ್ಲ?"

ಟೀಚರಮ್ಮ ಎದ್ದು ನಿಂತರು. ಸೆರಗು ಸರಿಮಾಡಿಕೊಂಡರು. ನನ್ನ ಕಡೆ ತಿರುಗಲಿಲ್ಲ.

"ಹೌದು, ಸೋರ್ತಿದೆ. ಹುಡ್ಗ ಒಳ್ಳೆಯವನೇ... ಆದ್ರೆ ಏನ್ಮಾಡೋದು, ಕೆಲ್ಸ ನಿಲ್ಲಲಿಲ್ಲ."

ಅಷ್ಟೇ ಹೇಳಿ ಕೂತರು. ಅವರು ಇನ್ನೂ ಏನೋ ಹೇಳಲಿದ್ದಾರೆ, ಮತ್ತೆ ಏಳುತ್ತಾರೆ ಎಂದು ಕಾಯುತ್ತ ಕೂತೆ. ಅವರು ಏಳಲಿಲ್ಲ. ನಾನೇ ಎದ್ದು ಬೋಲ್ಟಿನ ಕತೆ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಟೀಚರಮ್ಮನ ಮಾತಿನ ಎದುರು ನನ್ನ ಮಾತನ್ನು ಯಾರು ನಂಬುತ್ತಿದ್ದರು? ನನ್ನ ಮಾತಿಗೆ ಬೆಲೆ ಬಂದದ್ದೇ ಅವರಿಂದ.

ಅವತ್ತೇ ಆ ಕಾಲೊನಿಯಲ್ಲಿ ನನ್ನ ಋಣ ಮುಗಿಯಿತು. ಪೈಪಿನ ಕಸ ತೆಗೆಯಲು ಹೋದರೆ ಗೇಟು ತೆಗೆಯದೆ ಒಳಗಿನಿಂದಲೇ "ಬೇಡಪ್ಪ" ಎನ್ನುತ್ತಿದ್ದರು. ಮೇಸ್ತ್ರಿ ಮುಖ ಸಣ್ಣದು ಮಾಡಿಕೊಂಡು ಬೇರೆಯವರ ಜೊತೆ ಹೋದ. ನಾನು ಕೆ.ಆರ್. ಪುರದ ಕಡೆ ಹೋಗಿ, ಯಾರೂ ನನ್ನನ್ನು ತಮ್ಮವನೆನ್ನದ ಬೀದಿಗಳಲ್ಲಿ ಮೊದಲಿನಿಂದ ಶುರುಮಾಡಿದೆ. ಟೀಚರಮ್ಮ ಫೋನ್ ಮಾಡಲಿಲ್ಲ, ಒಮ್ಮೆಯೂ. ಎಷ್ಟೋ ಮಳೆಗಾಲ ನಾನು ಕಾದದ್ದು ನಿಜ. ಬೈಯಲು ಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡು ಕಾದಿದ್ದೆ.

ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಮೇಸ್ತ್ರಿಯಿಂದ ತಿಳಿಯಿತು. ಹೋಗಬಾರದೆಂದುಕೊಂಡೇ ವೈಕುಂಠ ಸಮಾರಾಧನೆಯ ದಿನ ಹೋದೆ. ಯಜಮಾನರು ಗುರುತು ಹಿಡಿದು ಕೈ ಹಿಡಿದುಕೊಂಡರು. ಅಲ್ಲೇ ಎಲೆ ಹಾಕಿಸುತ್ತಿದ್ದ ಟೀಚರಮ್ಮನ ತಮ್ಮ ನನ್ನನ್ನು ಕಂಡು ಅಡುಗೆಯವರ ಕಡೆ ಸರಿದುಹೋದರು.

"ನಿನ್ನ ವಿಷ್ಯ ಆಗಾಗ ಬರ್ತಿತ್ತಪ್ಪ," ಎಂದರು ಯಜಮಾನರು. "ಕೆಲ್ಸ ಕೆಡಿಸ್ಬಿಟ್ಟ, ಆದ್ರೂ ನಂಗೆ ಅವನ ಮೇಲೆ ಕೋಪ ಇಲ್ಲ, ಕ್ಷಮಿಸ್ಬಿಟ್ಟಿದ್ದೀನಿ ಅಂತಿದ್ಲು. ದೊಡ್ಡ ಮನಸ್ಸು ಅವಳ್ದು."

ಹೆಂಡತಿಯನ್ನು ಕಳೆದುಕೊಂಡ ಮನುಷ್ಯನ ಕಣ್ಣಲ್ಲಿ ನೀರಿತ್ತು. ಹೌದು ಸಾರ್, ದೊಡ್ಡ ಮನಸ್ಸು ಎಂದೆ. ಊಟಕ್ಕೆ ಕೂತೆ, ಪಾಯಸವನ್ನೂ ಬಡಿಸಿಕೊಂಡೆ.

ಈಗಲೂ ಮಳೆ ನಿಂತ ತಕ್ಷಣ ನಾನು ಬೀದಿಗಿಳಿಯುತ್ತೇನೆ. ಕಂಡವರ ತಾರಸಿ ಹತ್ತುತ್ತೇನೆ, ಎಲೆ ತೆಗೆಯುತ್ತೇನೆ, ಕೆಲಸ ಕೇಳದೆ ಇಳಿದು ಬರುತ್ತೇನೆ. ಅವರು ಕಲಿಸಿದ್ದರಲ್ಲಿ ಒಂದಿಷ್ಟೂ ಬಿಟ್ಟಿಲ್ಲ. ನನ್ನ ಅನ್ನ ಇವತ್ತಿಗೂ ಅದರಿಂದಲೇ. ಆದರೆ ಮಾಡದ ತಪ್ಪಿಗೆ ಕ್ಷಮೆ ಪಡೆದು ಬದುಕುವುದಿದೆಯಲ್ಲ... ಅದು ಗಂಟಲಿನಿಂದ ಕೆಳಗೆ ಇಳಿಯುವುದಿಲ್ಲ. ಟೀಚರಮ್ಮ, ನಾನು ನಿಮ್ಮನ್ನು ಕ್ಷಮಿಸಿಲ್ಲ. ಇದನ್ನು ನಿಮ್ಮೆದುರೇ ನಿಂತು ಹೇಳಬೇಕಿತ್ತು, ನೀವು ನನ್ನ ಕಿವಿ ಹಿಂಡಬೇಕಿತ್ತು.