ಯಾರೂ ಇಲ್ಲದ ಜಾಗದ ಟೈಪಿಸ್ಟ್

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ದಿಲ್‌ಶಾದ್ ಬಾನು ಫಜರ್ ನಮಾಜು ಮುಗಿಸಿ, ಜಾನಿಮಾಜು ಮಡಚಿ ಕುರ್ಚಿಯ ಬೆನ್ನಿಗೆ ಹಾಕಿ, ಊಟದ ಮೇಜಿನ ಮುಂದೆ ಕೂರುತ್ತಾರೆ. ಮೇಜಿನ ಮೇಲೆ ಹಳೆಯ ಕಂಪ್ಯೂಟರ್, ಪಕ್ಕದಲ್ಲಿ ಕ್ಯಾಸೆಟ್ ಯಂತ್ರ, ಒಂದು ಲೋಟ ಚಹಾ. ಮೇಜಿನ ಕೆಳಗೆ ಪೆಡಲ್. ಬಲಗಾಲಿನಿಂದ ಒತ್ತಿದರೆ ಕ್ಯಾಸೆಟ್ ಓಡುತ್ತದೆ, ಕಾಲು ತೆಗೆದರೆ ನಿಲ್ಲುತ್ತದೆ, ಅಂಚನ್ನು ಒತ್ತಿದರೆ ನಾಲ್ಕು ಮಾತು ಹಿಂದಕ್ಕೆ ಹೋಗುತ್ತದೆ. ಮೊಣಕಾಲಿಗೆ ಎರಡು ವರ್ಷದಿಂದ ನೋವು. ವೈದ್ಯರು ಪೆಡಲ್ ತುಳಿಯುವುದು ಬಿಡಿ ಎಂದಿದ್ದಾರೆ, ದಿಲ್‌ಶಾದ್ ವೈದ್ಯರನ್ನು ಬಿಟ್ಟಿದ್ದಾರೆ.

ಇಂದು ಯಂತ್ರದಲ್ಲಿರುವುದು ಮಂಗಳವಾರದ ಸಭೆಯ ಮೂರನೇ ಕ್ಯಾಸೆಟ್. ಮೊದಲ ಬದಿ ನಿನ್ನೆಯೇ ಮುಗಿದಿದೆ. ಎರಡನೇ ಬದಿಗೆ ತಿರುಗಿಸಿ ಹಾಕಿದವರು ಯಾಕೋ ಪೆಡಲ್ ಮೇಲೆ ಕಾಲಿಡುತ್ತಿಲ್ಲ. ಚಹಾ ಆರುತ್ತಿದೆ. ಹದಿಮೂರು ವರ್ಷದಲ್ಲಿ ನೂರಾರು ಜನರ ಮಾತು ಕೇಳಿ ಟೈಪ್ ಮಾಡಿದ ಈ ಹೆಂಗಸಿಗೆ ಇಂದು ಹಿಂಜರಿಕೆ. ಆ ಬದಿಯಲ್ಲಿ ಮಾತಾಡಿರುವವರಲ್ಲಿ ಅವರೂ ಒಬ್ಬರು.

ಶಿಕಾಗೊದಿಂದ ಪಶ್ಚಿಮಕ್ಕೆ ಹದಿನೆಂಟು ಮೈಲಿ ದೂರದ ಈ ಊರಿನ ಹೆಸರು ಹಾರ್ಟನ್ ಗ್ರೋವ್. ಇಲ್ಲಿನವರು ಊರನ್ನು ವಿಲೇಜ್ ಎನ್ನುತ್ತಾರೆ. ಎರಡು ಹೆದ್ದಾರಿ ಎಕ್ಸಿಟ್, ಹತ್ತು ಬಡಾವಣೆ, ಇಪ್ಪತ್ತೆಂಟು ಸಾವಿರ ಜನ ಇರುವ ಈ ಹಳ್ಳಿಯಲ್ಲಿ ಹುಡುಕಿದರೂ ಒಂದು ಎಮ್ಮೆ ಸಿಗದು. ಆದರೆ ಈಗ ಇದಕ್ಕೊಂದು ದೊಡ್ಡ ಕ್ಯಾಸಿನೊ ಬೇಕಾಗಿದೆ. ಎಲ್ಲಿ ಕಟ್ಟಬೇಕು ಎಂಬುದೊಂದೇ ತಕರಾರು. ಸೈಟ್ ಎ ಕೆರೆಯ ಪಕ್ಕದ ಕಾಡು. ಸೈಟ್ ಬಿ ಗಾಲ್ಫ್ ಮೈದಾನ. ಸೈಟ್ ಸಿ ಹೆದ್ದಾರಿಯ ಬದಿಯಲ್ಲಿರುವ, ಬಾಗಿಲು ಮುಚ್ಚಿದ ಮೋಟೆಲ್ ಮತ್ತು ಅದರ ಸುತ್ತಮುತ್ತ. ಕಳೆದ ವರ್ಷದ, ಅಂದರೆ 2003ರ, ಅಕ್ಟೋಬರಿನಿಂದ ಇದರ ಮೇಲೆ ಹನ್ನೊಂದು ಸಾರ್ವಜನಿಕ ಸಭೆಗಳು ನಡೆದಿವೆ. ಯಾರು ಬೇಕಾದರೂ ಚೀಟಿ ಬರೆದುಕೊಟ್ಟು, ಮೈಕಿನ ಮುಂದೆ ಹೆಸರು ವಿಳಾಸ ಹೇಳಿ, ಮೂರು ನಿಮಿಷ ಮಾತಾಡಬಹುದು. ಅಲ್ಲಿ ಬಿದ್ದ ಪ್ರತಿ ಮಾತೂ ಕ್ಯಾಸೆಟ್ಟಿಗೆ ಇಳಿದು ದಿಲ್‌ಶಾದ್ ಅವರ ಊಟದ ಮೇಜಿಗೆ ಬರುತ್ತದೆ.

ಲೆಕ್ಕ ಕೇಳಿದರೆ ಅವರು ಬೆರಳು ಮಡಿಸಿ ಹೇಳುತ್ತಾರೆ. ಇಪ್ಪತ್ತಾರು ಕ್ಯಾಸೆಟ್, ಸಾವಿರದ ಮುನ್ನೂರ ತೊಂಬತ್ತು ಪುಟ. ಒಂದು ಗಂಟೆಯ ಮಾತಿಗೆ ನಾಲ್ಕು ಗಂಟೆಯ ಟೈಪಿಂಗ್. ಕೆಮ್ಮಿದ್ದು ಬಿಡಬಹುದು, ಅತ್ತಿದ್ದು ಬಿಡುವಂತಿಲ್ಲ. ಐದು ಸೆಕೆಂಡಿಗಿಂತ ಹೆಚ್ಚು ಯಾರಾದರೂ ಸುಮ್ಮನಿದ್ದರೆ ಕಂಸದೊಳಗೆ ‘ಮೌನ’ ಎಂದು ಹಾಕಬೇಕು.

“ಎಲ್ಲಾರೂ ಒಂದ ಮಾತು ಹೇಳ್ತಾರ್ರಿ,” ಎನ್ನುತ್ತಾರೆ. “ಕ್ಯಾಸಿನೊನ ಬ್ಯಾಡ ಅನ್ನವ್ರು ಭಾಳ ಮಂದಿ ಇಲ್ಲ. ನಮ್ಮ ಮನಿ ಕಡೆ ಬ್ಯಾಡ, ಅತ್ಲಾಗ ಇರ್ಲಿ ಅಂತಾರ. ಅತ್ಲಾಗಿನವ್ರು ಇತ್ಲಾಗ ಇರ್ಲಿ ಅಂತಾರ. ಕೇಳಿ ಕೇಳಿ ನನ್ನ ಬೆರಳಿಗಿ ಬ್ಯಾಸರ ಬಂದೈತಿ.”

ಗಾಲ್ಫ್ ಮೈದಾನದ ಸುತ್ತಲಿನ ಮನೆಯವರು ಹಸಿರು ಟೀ ಶರ್ಟ್ ತೊಟ್ಟು, ವಕೀಲರನ್ನು ಮುಂದಿಟ್ಟುಕೊಂಡು ಬರುತ್ತಾರೆ. ಕಾಡಿನ ಪರವಾಗಿ ಒಬ್ಬ ನಿವೃತ್ತ ಮೇಷ್ಟ್ರು ಪ್ರತಿ ಸಭೆಗೂ ಬಂದು ಕೊಕ್ಕರೆಗಳ ಪಟ್ಟಿ ಓದುತ್ತಾರೆ. ಕೊಕ್ಕರೆಗಳ ಹೆಸರೆಲ್ಲ ಈಗ ದಿಲ್‌ಶಾದ್ ಅವರ ಬೆರಳಿಗೆ ಬಾಯಿಪಾಠ. ಸೈಟ್ ಸಿ ಬೇಡ ಎನ್ನಲು ಮಾತ್ರ ಮಂಗಳವಾರದವರೆಗೆ ಒಬ್ಬರೂ ಬಂದಿರಲಿಲ್ಲ. ಸಭೆ ಶುರುವಾಗುವುದು ಸಂಜೆ ಏಳಕ್ಕೆ. ಆ ಹೊತ್ತಿಗೆ ಮೋಟೆಲಿನ ಪಕ್ಕದ ಓಕ್ ರಸ್ತೆಯ ಈ ನಲವತ್ತೆಂಟು ಮನೆಗಳ ಜನ ವಿಮಾನ ನಿಲ್ದಾಣದ ಹೋಟೆಲುಗಳಲ್ಲಿ, ನರ್ಸಿಂಗ್ ಹೋಮ್‌ಗಳಲ್ಲಿ ಸೆಕೆಂಡ್ ಶಿಫ್ಟಿನಲ್ಲಿರುತ್ತಾರೆ. ದಿಲ್‌ಶಾದ್ ಅವರ ಗಂಡ ಇನಾಯತ್ ಕೂಡ ಒಂದು ಹೋಟೆಲಿನಲ್ಲಿ ಹಾಸಿಗೆ ಬಟ್ಟೆಗಳ ಕೋಣೆ ನೋಡಿಕೊಳ್ಳುತ್ತಾರೆ. ಹತ್ತೊಂಬತ್ತು ವರ್ಷದಿಂದ ದಂಪತಿ ಇರುವುದು ಇದೇ 2ಸಿ ಮನೆಯಲ್ಲಿ, ಬಾಡಿಗೆಗೆ. ಮಗಳು ಮನಾಲ್ ಹುಟ್ಟಿ ಬೆಳೆದು ಕಾಲೇಜಿಗೆ ಹೋದದ್ದೂ ಇಲ್ಲಿಂದಲೇ.

ದಿಲ್‌ಶಾದ್ ಗದಗಿನವರು. ಎಸ್ಸೆಸ್ಸೆಲ್ಸಿ ಆದಮೇಲೆ ಅಬ್ಬಾಜಾನ್ ಅವರನ್ನು ಸ್ಟೇಷನ್ ರಸ್ತೆಯ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದರು. ಹನ್ನೆರಡು ಯಂತ್ರ, ಒಂದು ಫ್ಯಾನು, ರಘೋತ್ತಮ ಮಾಸ್ತರು. ಕೀಲಿಗಳ ಮೇಲೆ ಬಟ್ಟೆ ಮುಚ್ಚಿ ಕಲಿಸುತ್ತಿದ್ದರಂತೆ ಮಾಸ್ತರು. ಅವರ ಪಾಠ ಒಂದೇ: “ಕಾಪಿ ನೋಡ್ರಿ, ಓದಬ್ಯಾಡ್ರಿ. ಓದಿದ್ರ ಬೆರಳು ನಿಲ್ತಾವ.” ಒಮ್ಮೆ ಪರೀಕ್ಷೆಗೆಂದು ಕೊಟ್ಟ ಉದ್ದನೆಯ ಇಂಗ್ಲಿಷ್ ಕಾಪಿಯ ನಡುವೆ ಅವರು ಒಂದು ಸಾಲು ತೂರಿಸಿದ್ದರು: ಇಂದು ತರಗತಿಗೆ ರಜೆ, ಎಲ್ಲರೂ ಈಗಲೇ ಎದ್ದು ಮನೆಗೆ ಹೋಗಿರಿ. ಇಬ್ಬರು ಎದ್ದು ಹೋದರು. ಉಳಿದ ಹತ್ತು ಜನ ಆ ಸಾಲನ್ನೂ ಟೈಪ್ ಮಾಡಿ, ಅದರ ಮುಂದಿನದನ್ನೂ ಟೈಪ್ ಮಾಡಿ, ಗಂಟೆ ಹೊಡೆಯುವವರೆಗೆ ಕೂತರು. ಮಾಸ್ತರು ಕುಣಿಯುವುದೊಂದು ಬಾಕಿ. ಇವರು ಸೀನಿಯರ್ ಪಾಸು, ಎದ್ದು ಹೋದವರು ಫೇಲು ಎಂದು ಅಲ್ಲೇ ಹೇಳಿಬಿಟ್ಟರು.

“ನಾ ಆ ಹತ್ತು ಮಂದ್ಯಾಗ ಒಬ್ಬಾಕಿ,” ಎಂದು ಹೇಳಿಕೊಳ್ಳುವಾಗ ದಿಲ್‌ಶಾದ್ ಅವರ ಮುಖದಲ್ಲಿ ಮೊದಲು ಹೆಮ್ಮೆ ಬರುತ್ತದೆ, ಆಮೇಲೆ ಬೇರೆ ಏನೋ ಬಂದು ಅದನ್ನು ಅಳಿಸುತ್ತದೆ.

ಆ ವಿದ್ಯೆಯೇ ಅವರಿಗೆ ಇಲ್ಲಿ ಅನ್ನ ಕೊಟ್ಟಿತು. 1991ರಲ್ಲಿ ಊರಿನ ಕ್ಲರ್ಕ್ ಮಿಸೆಸ್ ಪೆಟ್ರಾಕ್ ಸಭೆಯ ನಡಾವಳಿ ಟೈಪ್ ಮಾಡುವವರನ್ನು ಹುಡುಕುತ್ತಿದ್ದರು. ಇಲ್ಲಿ ಕ್ಲರ್ಕ್ ಎಂದರೆ ಗುಮಾಸ್ತೆಯಲ್ಲ, ಊರಿನ ದಾಖಲೆಗಳಿಗೆಲ್ಲ ಅವರೇ ಒಡತಿ. ದಿಲ್‌ಶಾದ್ ಅವರ ಇಂಗ್ಲಿಷ್ ಮಾತು ಆಗ ಇನ್ನೂ ತಡವರಿಸುತ್ತಿತ್ತು. ಟೈಪ್ ಮಾಡಿ ತೋರಿಸಿ ಎಂದರೆ ನಿಮಿಷಕ್ಕೆ ಎಪ್ಪತ್ತೆರಡು ಪದ, ತಪ್ಪು ಸೊನ್ನೆ. ಅಂದಿನಿಂದ ಈ ಊರಿನ ಬಜೆಟ್, ಚರಂಡಿ, ನಾಯಿ ಲೈಸೆನ್ಸು ಎಲ್ಲವೂ ಅವರ ಬೆರಳು ದಾಟಿಯೇ ದಾಖಲೆಯಾಗಿವೆ. ಆದರೆ ಅವರ ಹೆಸರು ಎಲ್ಲೂ ಇಲ್ಲ. ಕೊನೆಯ ಹಾಳೆಯ ಎಡಮೂಲೆಯಲ್ಲಿ ಪೆಟ್ರಾಕ್ ಅವರ ದೊಡ್ಡಕ್ಷರಗಳು, ಒಂದು ಗೆರೆ, ಅದರ ಪಕ್ಕ ಟೈಪ್ ಮಾಡಿದವರ ಗುರುತಾಗಿ ಸಣ್ಣಕ್ಷರದಲ್ಲಿ ‘ಡಿಬಿ’. ಎಲೆಮರೆಯ ಕಾಯಿ ಎನ್ನುತ್ತೇವಲ್ಲ, ಇದು ಹಾಳೆಮರೆಯ ಕಾಯಿ.

ಈ ಬೇಸಿಗೆಯಲ್ಲಿ ನಡೆದದ್ದನ್ನು ಅವರು ನಿಧಾನವಾಗಿ ಹೇಳುತ್ತಾರೆ. ಆಗಸ್ಟಿನ ಒಂದು ಬೆಳಿಗ್ಗೆ ಮೇಲಿನ 3ಸಿ ಮನೆಯ ಶಿವಕ್ಕ ಬಾಗಿಲು ತಟ್ಟಿದರು. ಶಿವಕ್ಕ ರಾಣೆಬೆನ್ನೂರಿನವರು, ನರ್ಸಿಂಗ್ ಹೋಮಿನಲ್ಲಿ ಮುದುಕರ ಆರೈಕೆ ಮಾಡುತ್ತಾರೆ. ಕೈಯಲ್ಲೊಂದು ಕಾಗದವಿತ್ತು. ನೆಲಮಹಡಿಯಲ್ಲಿ ಎಲ್ಲರೂ ಬಟ್ಟೆ ಒಗೆಯುವ ಕೋಣೆಯ ಗೋಡೆಗೆ ಯಾರೋ ಅಂಟಿಸಿದ್ದರಂತೆ.

“ದಿಲ್‌ಶಾದಕ್ಕಾ, ನೀ ಟೈಪ್ ಮಾಡಾಕಿ ಅಲ್ಲ, ಇದರಾಗ ಏನ್ ಬರ್ದಾರ ಒಂಚೂರು ನೋಡು. ನಮ್ಮ ಬಿಲ್ಡಿಂಗ್ ನಂಬರ್ ಇದ್ದಂಗ ಐತಿ,” ಎಂದರು ಶಿವಕ್ಕ.

ದಿಲ್‌ಶಾದ್ ಓದಿದರು. ಸೈಟ್ ಸಿ ಗಡಿಯನ್ನು ಮೋಟೆಲಿನಿಂದ ಪೂರ್ವಕ್ಕೆ ವಿಸ್ತರಿಸಲಾಗಿದೆ. ಓಕ್ ರಸ್ತೆಯ 2200ರಿಂದ 2260ರವರೆಗಿನ ಕಟ್ಟಡಗಳನ್ನು ಕೆಡವುವ ಪ್ರಸ್ತಾವವಿದೆ. ಆಕ್ಷೇಪ ಇರುವವರು ಮೂವತ್ತು ದಿನದೊಳಗೆ ಬರೆದು ತಿಳಿಸಬೇಕು. ಅಂದು ಮೂವತ್ತನಾಲ್ಕನೇ ದಿನ. ಅವರ ಕಟ್ಟಡ 2218. ಕಾಗದದ ಎಡಮೂಲೆಯಲ್ಲಿ, ಸಣ್ಣಕ್ಷರದಲ್ಲಿ, ಡಿಬಿ.

ತಮ್ಮ ಮನೆ ಕೆಡವುವ ನೋಟಿಸನ್ನು ತಾವೇ ಟೈಪ್ ಮಾಡಿದ್ದರು. ಇದೇ ಮೇಜಿನ ಮೇಲೆ. ಒಂದೂ ತಪ್ಪಿಲ್ಲದೆ. ತಾವೇ ಹೋಗಿ ವಿಲೇಜ್ ಹಾಲಿಗೆ ಕೊಟ್ಟು, ಬರುವಾಗ ಕೊತ್ತಂಬರಿ ತಂದಿದ್ದರು. ವಿಳಾಸದ ಅಂಕಿಗಳು ಬೆರಳಿನಿಂದ ಇಳಿದು ಹೋಗಿದ್ದವು, ತಲೆಯವರೆಗೆ ಏರಿರಲಿಲ್ಲ. ಮಾಸ್ತರು ಇದ್ದಿದ್ದರೆ ಮತ್ತೊಮ್ಮೆ ಪಾಸು ಮಾಡುತ್ತಿದ್ದರು.

“ಆಕಿಗೆ ಏನ್ ಹೇಳ್ಲಿ? ನಾನ ಟೈಪ್ ಮಾಡೀನಿ, ಓದಿಲ್ಲ ಅಂದ್ರ ಯಾರು ನಂಬ್ತಾರ?” ದಿಲ್‌ಶಾದ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ. “ಎರಡು ದಿನ ಹೇಳ್ಲಿಲ್ಲ. ಮೂರನೇ ದಿನ ಹೇಳ್ದೆ. ಶಿವಕ್ಕ ಬೈಲಿಲ್ರಿ. ಬೈದಿದ್ರ ಛಲೋ ಇತ್ತು. ‘ಅಕ್ಕಾ, ಡ್ಯೂಟಿಗೆ ಹೊತ್ತಾತು’ ಅಂತ ಎದ್ದು ಹೋದ್ಲು.”

ಅಂದು ದಿಲ್‌ಶಾದ್ ಹತ್ತನೇ ಸಭೆಯ ನಡಾವಳಿಯ ತಮ್ಮ ಪ್ರತಿಯನ್ನು ಕಪಾಟಿನಿಂದ ತೆಗೆದು ಮೊದಲ ಬಾರಿಗೆ ಓದಿದರು. ನೋಟಿಸಿನ ನಂತರ ನಡೆದ ಸಭೆ ಅದು. ಸೈಟ್ ಸಿ-ಯೇ ಒಳ್ಳೆಯದು, ಅಲ್ಲಿ ಯಾರೂ ಇಲ್ಲ ಎಂದು ಏಳು ಜನ ಹೇಳಿದ್ದರು. ಒಬ್ಬ ವಕೀಲ, ಕೊಕ್ಕರೆಯ ಮೇಷ್ಟ್ರು, ಹಸಿರು ಟೀ ಶರ್ಟಿನ ಐವರು. ಏಳೂ ಸಲ ಅದನ್ನು ತಪ್ಪಿಲ್ಲದೆ ಟೈಪ್ ಮಾಡಿದ್ದು ಡಿಬಿ.

ಬರೆದು ತಿಳಿಸುವ ಗಡುವು ಮುಗಿದಿತ್ತು. ಉಳಿದದ್ದು ಸೆಪ್ಟೆಂಬರಿನ ಕೊನೆಯ ಸಭೆ, ಅದರಲ್ಲಿ ಮೂರು ನಿಮಿಷ. ಇನಾಯತ್ ಬೇಡ ಎಂದರು. ಆ ಮಾತನ್ನು ಅವರೇ ಈಗ ನಾಚಿಕೆಯಿಂದ ಹೇಳುತ್ತಾರೆ: “ವಿಲೇಜ್‌ನವ್ರ ಎದುರು ಮಾತಾಡಿದ್ರ ಕೆಲಸ ಹೋಗ್ತೈತಿ ಅಂದೆ. ‘ಮನೀನ ಹೋದ ಮ್ಯಾಲೆ ಟೇಬಲ್ ಎಲ್ಲಿಟ್ಕೊಂಡು ಟೈಪ್ ಮಾಡ್ಲಿ’ ಅಂದ್ಲು.” ದಿಲ್‌ಶಾದ್ ನೇರವಾಗಿ ಪೆಟ್ರಾಕ್ ಅವರ ಬಳಿ ಹೋಗಿ, ತಾನು ಚೀಟಿ ಕೊಡಬಹುದೇ ಎಂದು ಕೇಳಿದರು. ಪೆಟ್ರಾಕ್ ಕನ್ನಡಕ ತೆಗೆದು ನೋಡಿ, ನೀವು ಈ ಊರಿನಲ್ಲೇ ಇರುತ್ತೀರಾ ಎಂದು ಕೇಳಿದರಂತೆ. ಹದಿಮೂರು ವರ್ಷದ ನಂತರ.

ಮಂಗಳವಾರ ನಲವತ್ತೊಂದನೆಯ ಚೀಟಿ ಅವರದು. ಮನಾಲ್ ಕಾಲೇಜಿನಿಂದ ಡ್ರೈವ್ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತಿದ್ದಳು. ಜೂಜು ಹರಾಮು ಎಂದು ಹೇಳಿಬಿಡಿ ಎಂದು ಮಸೀದಿಯ ಗೆಳತಿಯೊಬ್ಬರು ಸಲಹೆ ಕೊಟ್ಟಿದ್ದರು. “ಅದು ನನ್ನ ಮನಿ ಮಾತು. ಮನಿ ಉಳಿದ್ರ ಮನ್ಯಾಗ ಹೇಳ್ತೀನಿ,” ಎಂದು ದಿಲ್‌ಶಾದ್ ಅದನ್ನು ಬಿಟ್ಟರು. ಬರೆದುಕೊಂಡು ಹೋದದ್ದು ಎಂಟೇ ಸಾಲು.

ಈಗ, ಆರೂವರೆಗೆ, ಕಿಟಕಿಯಾಚೆ ಹೆದ್ದಾರಿಯ ಸದ್ದು ಏರುತ್ತಿರುವಾಗ, ಅವರ ಕಾಲು ಪೆಡಲ್ ಒತ್ತುತ್ತದೆ. ಅಧ್ಯಕ್ಷರ ದಣಿದ ದನಿ ಹೆಸರು, ವಿಳಾಸ ಕೇಳುತ್ತದೆ. ಬೆರಳುಗಳು ಓಡುತ್ತವೆ: ದಿಲ್‌ಶಾದ್ ಬಾನು, 2218 ಓಕ್ ರಸ್ತೆ, 2ಸಿ. ಆಮೇಲೆ ಕ್ಯಾಸೆಟ್ಟಿನಲ್ಲಿ ಏನೂ ಇಲ್ಲ. ಕುರ್ಚಿ ಸರಿದ ಸದ್ದು, ಯಾರದೋ ಗುಸುಗುಸು. ಮೈಕಿನ ಮುಂದೆ ನಿಂತಾಗ ಅವರಿಗೆ ಎಂಟು ಸಾಲೂ ಮರೆತುಹೋಗಿದ್ದವು, ಕೈಯಲ್ಲಿದ್ದ ಕಾಗದವನ್ನು ನೋಡಿದರೂ ಓದಲು ಬರಲಿಲ್ಲ. ಹನ್ನೊಂದು ಸೆಕೆಂಡ್. ಆಮೇಲೆ ಸಣ್ಣ ದನಿಯ ಇಂಗ್ಲಿಷಿನಲ್ಲಿ ಅವರು ಹೇಳಿದ್ದಿಷ್ಟು: ಸೈಟ್ ಸಿ-ಯಲ್ಲಿ ಯಾರೂ ಇಲ್ಲ ಎಂದು ಕಳೆದ ಸಭೆಯಲ್ಲಿ ಏಳು ಜನ ಹೇಳಿದ್ದೀರಿ. ನಿಮ್ಮ ಮಾತನ್ನು ಟೈಪ್ ಮಾಡಿದವಳು ನಾನು. ಅಲ್ಲಿಂದಲೇ ಟೈಪ್ ಮಾಡಿದೆ. ನಲವತ್ತೆಂಟು ಮನೆ ಇವೆ, ನೂರ ಅರವತ್ತು ಜನ ಇದ್ದೇವೆ. ಅವರೆಲ್ಲ ಈಗ ಕೆಲಸದಲ್ಲಿದ್ದಾರೆ.

ಇನ್ನೂ ಒಂದೂವರೆ ನಿಮಿಷ ಬಾಕಿ ಇರುವಾಗಲೇ ಅವರು ಹೋಗಿ ಕೂತರು. ಅಧ್ಯಕ್ಷರು ಧನ್ಯವಾದ ಹೇಳಿ ಮುಂದಿನ ಚೀಟಿ ಕರೆದರು. ಹಸಿರು ಟೀ ಶರ್ಟಿನ ಒಬ್ಬ ಹೆಂಗಸು ಹೊರಗೆ ಬಾಗಿಲ ಬಳಿ ಅವರ ತೋಳು ಮುಟ್ಟಿ, ಗೊತ್ತಿರಲಿಲ್ಲ ಎಂದಳಂತೆ. ಊರಿನ ಮಂಡಳಿಯ ಮತದಾನ ಮುಂದಿನ ತಿಂಗಳು. ಗೆಲ್ಲುತ್ತೀರಾ ಎಂದರೆ ದಿಲ್‌ಶಾದ್ ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿ ನಗುತ್ತಾರೆ. ಆ ನಗುವಿನಲ್ಲಿ ಆಸೆಗಿಂತ ಆಯಾಸವೇ ಹೆಚ್ಚು.

“ಕ್ಯಾಸಿನೊ ಇಲ್ಲೇ ಬರ್ತೈತೇನೋ. ನಮಗ ವಕೀಲರಿಲ್ಲ, ಕೊಕ್ಕರೀನೂ ಇಲ್ಲ. ಬರೂದಾದ್ರ ಬರ್ಲಿ. ಆದ್ರ ನಾಳೆ ಯಾರರ ಆ ಕಾಗದ ತಗದು ನೋಡಿದ್ರ, ಇಲ್ಲಿ ಯಾರೂ ಇರ್ಲಿಲ್ಲ ಅಂತ ಇರಬಾರ್ದು. ಅಷ್ಟ ನನಗ ಬೇಕಾಗಿದ್ದು.”

ಇನಾಯತ್ ಎದ್ದು ಬಂದು ಹೆಂಡತಿಯ ಹೆಗಲ ಮೇಲಿಂದ ಪರದೆಯನ್ನು ನೋಡುತ್ತಾರೆ. ಆ ಹನ್ನೊಂದು ಸೆಕೆಂಡಿನ ‘ಮೌನ’ವನ್ನು ಬಿಟ್ಟುಬಿಡಬಾರದೇ, ಓದಿದವರು ಹೆದರಿದಳು ಅಂದುಕೊಳ್ಳುತ್ತಾರೆ ಎನ್ನುತ್ತಾರೆ. ದಿಲ್‌ಶಾದ್ ತಲೆ ಅಲ್ಲಾಡಿಸುತ್ತಾರೆ.

“ಮಂದೀದೆಲ್ಲಾ ಹಾಕೀನಿ. ನಂದ್ಯಾಕ ಬಿಡ್ಲಿ?”

ಆ ಒಂದು ಪುಟಕ್ಕೆ ನಲವತ್ತು ನಿಮಿಷ ಹಿಡಿದಿದೆ. ಬೇರೆ ದಿನವಾದರೆ ಎಂಟು ಪುಟ ಆಗುತ್ತಿತ್ತು. ತಡವಾದದ್ದು ಯಾಕೆ ಎಂದರೆ, ಗದಗಿನ ಮಾಸ್ತರಿಗೆ ತಪ್ಪೊಪ್ಪಿಕೊಳ್ಳುವವರಂತೆ ದನಿ ತಗ್ಗಿಸಿ ಹೇಳುತ್ತಾರೆ: “ಈ ಸಲ ಓದಿಕೋತ ಟೈಪ್ ಮಾಡೀನ್ರಿ.”